ಬಂಡಾಯ ಸಾಹಿತ್ಯದ ಮೇಲೆ ಸ್ವಂತ ಸಂಶೋಧನೆ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಕೇಂದ್ರದ ಊಟದ ಬಿಡುವಿನಲ್ಲಿ, ಸಮಾಲೋಚನಾ ಸಭೆಗಳಲ್ಲಿ, ಕಾಗದದಲ್ಲಿ, ವಾಟ್ಸಾಪ್‌ನಲ್ಲಿ ಕನ್ನಡ ಮೇಷ್ಟ್ರುಗಳು ಮತ್ತು ಟೀಚರುಗಳು ಕೇಳುತ್ತಾ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಇವರಲ್ಲಿ ಹೆಚ್ಚಿನವರು ಸಂಶೋಧನೆಗೆ ಆರಿಸಿಕೊಂಡದ್ದು ಬಂಡಾಯವನ್ನು, ಅಂದರೆ ಜಾತಿ ಮತ್ತು ಶೋಷಣೆಯ ವಿರುದ್ಧ ದನಿ ಎತ್ತಿದ ಕನ್ನಡದ ಸಾಹಿತ್ಯ ಚಳವಳಿಯನ್ನು. ಹಾಗಾಗಿ ಉದಾಹರಣೆಗಳೂ ಅಲ್ಲಿಂದಲೇ ಬಂದಿವೆ. ಸುಲಭದ ಪ್ರಶ್ನೆಗಳು ಮೊದಲು, ತೊಡಕಿನವು ಆಮೇಲೆ.

## ಶುರು ಮಾಡುವ ಮುನ್ನ

ನಾನು ಹೈಸ್ಕೂಲ್ ಮೇಷ್ಟ್ರು. ಪಿಎಚ್.ಡಿ. ಇಲ್ಲ, ಗೈಡ್ ಇಲ್ಲ. ನಾನು ಮಾಡಿದ್ದನ್ನು ಸಂಶೋಧನೆ ಅಂತಾರಾ?

ಅಂತಾರೆ. ನೀವು ಬರೆದದ್ದು ಸರಿಯೋ ತಪ್ಪೋ ಎಂದು ಇನ್ನೊಬ್ಬರು ಹೋಗಿ ನೋಡಲು ದಾರಿ ಇರಬೇಕು, ಅಷ್ಟೇ. ಯಾವ ಪತ್ರಿಕೆ, ಯಾವ ಸಂಚಿಕೆ, ಯಾರು ಹೇಳಿದ್ದು, ಯಾವತ್ತು ಹೇಳಿದ್ದು ಎಂಬುದು ಬರಹದಲ್ಲಿ ಇದ್ದರೆ ಅದು ಸಂಶೋಧನೆ. ಅದಿಲ್ಲದೆ ಡಾಕ್ಟರೇಟ್ ಪಡೆದ ಬರಹಗಳೂ ಇವೆ, ಆ ಮಾತು ಬೇರೆ.

ಬಂಡಾಯದ ವಿಷಯದಲ್ಲಿ ನಿಮಗೆ ಒಂದು ಅನುಕೂಲ ಇದೆ. ಈ ಚಳವಳಿ ಬೆಂಗಳೂರು, ಮೈಸೂರಿನ ಕ್ಯಾಂಪಸ್ಸುಗಳಲ್ಲಿ ಮಾತ್ರ ನಡೆದದ್ದಲ್ಲ. ತಾಲ್ಲೂಕು ಕೇಂದ್ರದ ಹಾಸ್ಟೆಲ್ಲುಗಳಲ್ಲಿ, ಪುಟ್ಟ ಪ್ರೆಸ್ಸುಗಳಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದ ಸಭೆಗಳಲ್ಲಿ ನಡೆಯಿತು. ಯೂನಿವರ್ಸಿಟಿಯವರು ಅಲ್ಲಿಗೆ ಬಂದರೆ ಎರಡು ದಿನ ಇದ್ದು ಹೋಗುತ್ತಾರೆ. ನೀವು ಅಲ್ಲೇ ಇದ್ದೀರಿ. ಚಳವಳಿ ಕಟ್ಟಿದವರಲ್ಲೂ ಮೇಷ್ಟ್ರುಗಳು ಜಾಸ್ತಿ ಇದ್ದರು ಎಂಬುದನ್ನು ಮರೆಯಬೇಡಿ. ದಲಿತ ಸಂಘರ್ಷ ಸಮಿತಿಯ ಬಿ. ಕೃಷ್ಣಪ್ಪ ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದವರು.

ಬಂಡಾಯ ಶುರುವಾಗಿದ್ದು ಯಾವಾಗ? ಒಂದು ತಾರೀಖು ಹೇಳಿ ಸರ್.

ತಾರೀಖು ಇದೆ: 1979ರ ಮಾರ್ಚ್ 10 ಮತ್ತು 11. ಆ ವರ್ಷ ಧರ್ಮಸ್ಥಳದ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕೆಂಬ ಬೇಡಿಕೆಗೆ ಸಾಹಿತ್ಯ ಪರಿಷತ್ತು ಒಪ್ಪಲಿಲ್ಲ. ಅದಕ್ಕೆ ಉತ್ತರವಾಗಿ ಬೆಂಗಳೂರಿನಲ್ಲಿ ಮೊದಲ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ವಿಮರ್ಶಕ ಡಿ.ಆರ್. ನಾಗರಾಜ್ ಕೊಟ್ಟ ‘ಖಡ್ಗವಾಗಲಿ ಕಾವ್ಯ’ ಎಂಬ ಘೋಷಣೆ ಅದರ ಗುರುತಾಯಿತು.

ಆದರೆ ಆರು ವರ್ಷ ಹಿಂದೆ ಹೋಗಿ ನೋಡಿ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಜಾಸ್ತಿ ಎಂಬರ್ಥದ ಮಾತಾಡಿದರು. ಊರೂರಲ್ಲಿ ಗಲಾಟೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಬಸವಲಿಂಗಪ್ಪ ರಾಜೀನಾಮೆ ಕೊಡಬೇಕಾಯಿತು. ದೇವನೂರ ಮಹಾದೇವರ ಮೊದಲ ಕಥಾಸಂಕಲನ ಬಂದದ್ದೂ ಅದೇ 1973ರಲ್ಲಿ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರದ್ದು. ಅಂದರೆ ಹೆಸರು ಬರುವ ಮೊದಲೇ ಮುಖ್ಯವಾದ ಬರವಣಿಗೆ ಬಂದಿತ್ತು. ನಿಮ್ಮ ಕೆಲಸ ಯಾವ ವರ್ಷದಿಂದ ಶುರುವಾಗುತ್ತದೆ ಎಂಬುದನ್ನು ನೀವೇ ಆರಿಸಿ, ಯಾಕೆ ಅಂತ ಎರಡು ಸಾಲು ಬರೆದಿಟ್ಟುಕೊಳ್ಳಿ.

‘ಬಂಡಾಯ ಸಾಹಿತ್ಯ: ಒಂದು ಅಧ್ಯಯನ’ ಅಂತ ವಿಷಯ ಇಟ್ಟುಕೊಂಡಿದ್ದೇನೆ. ಸರಿ ಇದೆಯಾ?

ಬೇಡ. ಆ ಹೆಸರಿಗೆ ತಳ ಇಲ್ಲ. ಇಡೀ ರಾಜ್ಯ, ಎಲ್ಲ ಪ್ರಕಾರ, ಎಲ್ಲ ಲೇಖಕರು ಅಂತ ಹೊರಟರೆ ಈಗಾಗಲೇ ಇರುವ ಪುಸ್ತಕಗಳನ್ನು ನೀವು ಮತ್ತೊಮ್ಮೆ ಬರೆಯುತ್ತೀರಿ.

ಊರು, ಅವಧಿ, ಸಾಮಗ್ರಿ ಮೂರನ್ನೂ ಚಿಕ್ಕದು ಮಾಡಿ. ‘1979ರಿಂದ 1985ರವರೆಗೆ ನಮ್ಮ ತಾಲ್ಲೂಕಿನಲ್ಲಿ ನಡೆದ ಬಂಡಾಯದ ಸಭೆಗಳು’ ಒಳ್ಳೆಯ ವಿಷಯ. ‘ಒಂದು ಪತ್ರಿಕೆಯ ಐದು ವರ್ಷದ ಸಂಚಿಕೆಗಳಲ್ಲಿ ಹೊಸಬರು ಎಷ್ಟು ಜನ, ಅವರು ಆಮೇಲೆ ಏನಾದರು’ ಅದಕ್ಕಿಂತ ಒಳ್ಳೆಯದು. ‘ಪಠ್ಯಪುಸ್ತಕಕ್ಕೆ ಬಂಡಾಯದ ಪದ್ಯಗಳು ಯಾವಾಗ ಬಂದವು, ಯಾವ ಪದ್ಯಗಳು ಬಂದವು, ಯಾವುವು ಬರಲಿಲ್ಲ’ ಎಂಬುದನ್ನು ಮೇಷ್ಟ್ರುಗಳೇ ಮಾಡಬೇಕು. ಹಳೆಯ ಪಠ್ಯಪುಸ್ತಕಗಳು ಇನ್ನೂ ಶಾಲೆಯ ಬೀರುವಿನಲ್ಲೇ ಇರುವ ಸಾಧ್ಯತೆ ಇದೆ.

ಒಂದು ಪರೀಕ್ಷೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬರಲು ಜಾಗ ಇದೆಯಾ ನೋಡಿ. ‘ಬಂಡಾಯ ಸಾಹಿತ್ಯವು ಸಮಾಜದ ಮೇಲೆ ಪ್ರಭಾವ ಬೀರಿದೆಯೇ’ ಅಂತ ಕೇಳಿದರೆ ಯಾರೂ ‘ಇಲ್ಲ’ ಅನ್ನುವುದಿಲ್ಲ. ‘ನಮ್ಮ ಊರಿನ ಸಭೆಗಳಲ್ಲಿ ರೈತ ಸಂಘದವರು, ದಲಿತ ಸಂಘಟನೆಯವರು ಒಂದೇ ವೇದಿಕೆ ಹತ್ತಿದ್ದರಾ’ ಅಂತ ಕೇಳಿದರೆ ಉತ್ತರ ಯಾವ ಕಡೆ ಬೇಕಾದರೂ ಬೀಳಬಹುದು. ಅಂಥ ಪ್ರಶ್ನೆ ಇಟ್ಟುಕೊಳ್ಳಿ.

ಮೊದಲು ಏನೇನು ಓದಬೇಕು?

ಚಳವಳಿಯ ಬಗ್ಗೆ ಬರೆದದ್ದನ್ನಲ್ಲ, ಚಳವಳಿಯವರೇ ಬರೆದದ್ದನ್ನು. ವಿಮರ್ಶೆ ಮೊದಲು ಓದಿದರೆ ಕಣ್ಣಿಗೆ ಇನ್ನೊಬ್ಬರ ಕನ್ನಡಕ ಬರುತ್ತದೆ. ಒಂದಷ್ಟು ಕವನ, ಕಥೆ, ಒಂದೆರಡು ಆತ್ಮಕಥೆ. ಆಮೇಲೆ ಆ ಕಾಲದ ರಾಜ್ಯದ ಇತಿಹಾಸ: ದೇವರಾಜ ಅರಸು ಸರ್ಕಾರ, 1974ರ ಭೂ ಸುಧಾರಣೆ ತಿದ್ದುಪಡಿ, ಹಿಂದುಳಿದ ವರ್ಗಗಳ ಬಗೆಗಿನ 1975ರ ಹಾವನೂರು ವರದಿ, ತುರ್ತುಪರಿಸ್ಥಿತಿ, 1980ರ ನರಗುಂದ ರೈತ ಬಂಡಾಯ, 1982ರ ಗೋಕಾಕ್ ಚಳವಳಿ. ಇವು ತಲೆಯಲ್ಲಿ ಇಲ್ಲದೆ ಪದ್ಯಗಳನ್ನು ಓದಿದರೆ ಬರೀ ಸಿಟ್ಟು ಕಾಣುತ್ತದೆ. ಸಿಟ್ಟು ಯಾರ ಮೇಲೆ, ಯಾಕೆ ಆಗಲೇ ಎಂಬುದು ಕಾಣುವುದಿಲ್ಲ.

ಪಾಠ, ಬಿಸಿಯೂಟ, ಆನ್‌ಲೈನ್ ಎಂಟ್ರಿ, ಎಲೆಕ್ಷನ್ ಡ್ಯೂಟಿ... ಟೈಮ್ ಎಲ್ಲಿದೆ?

ಇಲ್ಲ. ಅದಕ್ಕೇ ಕೆಲಸವನ್ನು ಎರಡು ಭಾಗ ಮಾಡಿ. ಊರು ಬಿಟ್ಟು ಹೋಗುವ ಕೆಲಸ ದಸರಾ ಮತ್ತು ಬೇಸಿಗೆ ರಜೆಗೆ. ಓದು, ಟಿಪ್ಪಣಿ, ಫೋನು ಉಳಿದ ದಿನಗಳಿಗೆ. ಮುಗಿಸಬೇಕಾದ ತಾರೀಖನ್ನು ಯಾರಿಗೂ ಹೇಳಬೇಡಿ.

## ಸಾಮಗ್ರಿ ಹುಡುಕುವುದು

ಆ ಕಾಲದ ಸಣ್ಣ ಪತ್ರಿಕೆಗಳು ಎಲ್ಲೂ ಸಿಗ್ತಿಲ್ಲ. ಎಲ್ಲಿ ಹುಡುಕಲಿ?

ಬಂಡಾಯ ಬದುಕಿದ್ದೇ ಪತ್ರಿಕೆಗಳಲ್ಲಿ. ಬೆಂಗಳೂರಿನ ‘ಶೂದ್ರ’, ಮೈಸೂರಿನ ‘ಪಂಚಮ’ ಮತ್ತು ‘ಆಂದೋಲನ’, ಧಾರವಾಡದ ‘ಸಂಕ್ರಮಣ’, 1980ರಿಂದ ‘ಲಂಕೇಶ್ ಪತ್ರಿಕೆ’. ಪುಸ್ತಕಕ್ಕೆ ಬರುವಾಗ ಪದ್ಯ ತಿದ್ದಲ್ಪಟ್ಟಿರುತ್ತದೆ. ಪತ್ರಿಕೆಯಲ್ಲಿ ಅದು ಮೊದಲ ರೂಪದಲ್ಲಿದೆ. ಪಕ್ಕದಲ್ಲೇ ಯಾವ ಜಾಹೀರಾತು, ಯಾವ ಸಭೆಯ ಸುದ್ದಿ, ಯಾರ ಜಗಳದ ಪತ್ರ ಎಂಬುದೂ ಇದೆ. ಅದೆಲ್ಲ ಸಾಕ್ಷಿ.

ಮೊದಲು ದೊಡ್ಡ ಗ್ರಂಥಾಲಯಗಳು: ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ಮೈಸೂರಿನ ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಹೋಗುವ ಮುನ್ನ ಫೋನ್ ಮಾಡಿ. ಮುಖ್ಯೋಪಾಧ್ಯಾಯರಿಂದ ಒಂದು ಪತ್ರ, ನಿಮ್ಮ ಗುರುತಿನ ಚೀಟಿ ಕೈಯಲ್ಲಿರಲಿ. ಬೇಕಾದ ಪತ್ರಿಕೆ ಮತ್ತು ವರ್ಷಗಳನ್ನು ಹಾಳೆಯಲ್ಲಿ ಬರೆದು ಕೊಡಿ. ‘ಬಂಡಾಯದ್ದು ಏನಾದರೂ ಇದೆಯಾ’ ಅಂತ ಕೇಳಿದರೆ ‘ಇಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ.

ಆದರೆ ನಿಜವಾದ ಗಣಿ ಮನೆಗಳಲ್ಲಿದೆ. ಆಗಿನ ಚಂದಾದಾರರು ಯಾರು? ಮೇಷ್ಟ್ರು, ಲೆಕ್ಚರರ್, ಬ್ಯಾಂಕ್ ನೌಕರ, ಎಲ್‌ಐಸಿಯವರು, ವಕೀಲರು. ಅವರೆಲ್ಲ ಈಗ ನಿವೃತ್ತರು. ಅಟ್ಟದ ಮೇಲಿನ ಟ್ರಂಕಿನಲ್ಲಿ ಸಂಚಿಕೆಗಳ ಕಟ್ಟು ಇರುತ್ತದೆ. ಮನೆ ಬದಲಿಸುವಾಗ, ಹಿರಿಯರು ತೀರಿಕೊಂಡಾಗ ಅದು ರದ್ದಿಗೆ ಹೋಗುತ್ತದೆ. ಪತ್ರಿಕೆ ಕೇಳಿದಾಗಲೇ ಕರಪತ್ರ, ಆಹ್ವಾನ ಪತ್ರಿಕೆ, ಸೈಕ್ಲೋಸ್ಟೈಲ್ ಪ್ರತಿ, ಚಂದಾ ರಸೀದಿ ಎಲ್ಲವನ್ನೂ ಕೇಳಿ. ‘ಅದೆಲ್ಲ ಕಸ ಸರ್’ ಅನ್ನುತ್ತಾರೆ. ಆ ಕಸವೇ ನಮಗೆ ಬೇಕು. ಒಂದು ಕರಪತ್ರದಲ್ಲಿ ಭಾಷಣಕಾರರ ಪಟ್ಟಿ, ಜಾಗ, ಸಮಯ, ಅಚ್ಚು ಹಾಕಿದ ಪ್ರೆಸ್ಸಿನ ಹೆಸರು ಇಷ್ಟೂ ಸಿಗುತ್ತದೆ. ಆ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ಬದುಕಿದ್ದರೆ ಅವರನ್ನು ಬಿಡಬೇಡಿ. ಯಾರು ದುಡ್ಡು ಕೊಟ್ಟರು, ಯಾರು ಬಾಕಿ ಉಳಿಸಿಕೊಂಡರು ಎಂಬುದು ಅವರಿಗೆ ಗೊತ್ತಿರುತ್ತದೆ!

ಇಂಟರ್ನೆಟ್ಟಲ್ಲಿ ಎಷ್ಟು ಸಿಗುತ್ತೆ?

ಪುಸ್ತಕ ಒಂದಷ್ಟು, ಪತ್ರಿಕೆ ಕಡಿಮೆ, ಕರಪತ್ರ ಇಲ್ಲ ಅನ್ನುವಷ್ಟು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳು ಸಾಕಷ್ಟಿವೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೂ ಬೇರೆ ಬೇರೆ ಕಾಗುಣಿತದಲ್ಲೂ ಹುಡುಕಿ. ಶೋಧಗಂಗಾದಲ್ಲಿ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳಿವೆ. ಅವನ್ನು ಕೊನೆಯಿಂದ ಓದಿ, ಅಂದರೆ ಗ್ರಂಥಋಣದಿಂದ. ನಿಮಗೆ ಬೇಕಾದ ಪತ್ರಿಕೆಯನ್ನು ಯಾರು ಎಲ್ಲಿ ನೋಡಿದ್ದಾರೆ ಎಂಬ ಸುಳಿವು ಅಲ್ಲಿರುತ್ತದೆ.

ಎಐ ಕೇಳಿದರೆ ಪಟ್ಟಿ ಕೊಡುತ್ತಲ್ಲ?

ಕೊಡುತ್ತದೆ. ಇಲ್ಲದ ಪತ್ರಿಕೆ, ಇಲ್ಲದ ಸಂಚಿಕೆಯನ್ನೂ ಅಷ್ಟೇ ಧೈರ್ಯವಾಗಿ ಕೊಡುತ್ತದೆ. ನೀವೇ ಕಣ್ಣಾರೆ ನೋಡದ ಯಾವ ಹೆಸರೂ ನಿಮ್ಮ ಬರಹಕ್ಕೆ ಬರಬಾರದು.

ಫೋನಲ್ಲಿ ನೂರಾರು ಫೋಟೋ ಹೊಡೆದಿದ್ದೇನೆ. ಯಾವುದು ಎಲ್ಲಿಯದು ಈಗ ಗೊತ್ತಾಗ್ತಿಲ್ಲ.

ಪ್ರತಿ ಸಂಚಿಕೆಯ ಮುಖಪುಟ ಮೊದಲು, ಆಮೇಲೆ ಒಳಗಿನ ಪುಟ. ಯಾರ ಮನೆ, ಯಾವ ದಿನ ಅಂತ ಚೀಟಿಯಲ್ಲಿ ಬರೆದು ಅದರದ್ದೂ ಒಂದು ಫೋಟೋ ಹೊಡೆಯಿರಿ. ಅವತ್ತೇ ರಾತ್ರಿ ಪತ್ರಿಕೆಯ ಹೆಸರಲ್ಲಿ ಫೋಲ್ಡರ್ ಮಾಡಿ ಹಾಕಿ. ಈಗಾಗಲೇ ಬೆರೆತು ಹೋಗಿದ್ದರೆ ಫೋಟೋ ತೆಗೆದ ತಾರೀಖು ಮತ್ತು ಸಮಯ ನೋಡಿ ವಿಂಗಡಿಸಿ, ಬಹುಪಾಲು ಸರಿಹೋಗುತ್ತದೆ. ಇನ್ನೊಂದು: ಟಿಪ್ಪಣಿ ಟೈಪ್ ಮಾಡುವಾಗ ಹಳೇ ಫಾಂಟ್ ಬೇಡ, ಯೂನಿಕೋಡ್ ಇರಲಿ. ಇಲ್ಲದಿದ್ದರೆ ನಿಮ್ಮದೇ ಟಿಪ್ಪಣಿಯಲ್ಲಿ ಒಂದು ಹೆಸರು ಹುಡುಕಲೂ ಆಗುವುದಿಲ್ಲ.

## ಜನರ ಜೊತೆ ಮಾತು

ಚಳವಳಿಯಲ್ಲಿದ್ದ ಹಿರಿಯರನ್ನು ಮಾತಾಡಿಸುವುದು ಹೇಗೆ? ಏನು ಕೇಳಬೇಕು ತೋಚಲ್ಲ.

ಅವರ ಪುಸ್ತಕ ಓದದೆ ಹೋಗಬೇಡಿ. ‘ಬಂಡಾಯದ ಬಗ್ಗೆ ನಿಮ್ಮ ಅಭಿಪ್ರಾಯ ಏನು ಸರ್’ ಅಂತ ಶುರು ಮಾಡಲೂಬೇಡಿ. ವೇದಿಕೆಯ ಭಾಷಣವೇ ಬರುತ್ತದೆ, ಅದು ನಿಮಗೆ ಈಗಾಗಲೇ ಗೊತ್ತು. ಚಿಕ್ಕ ಚಿಕ್ಕ ಸಂಗತಿ ಕೇಳಿ. ಸಮ್ಮೇಳನಕ್ಕೆ ಹೇಗೆ ಹೋದಿರಿ? ಬಸ್ ಚಾರ್ಜ್ ಯಾರು ಕೊಟ್ಟರು? ರಾತ್ರಿ ಎಲ್ಲಿ ಮಲಗಿದಿರಿ? ಅಡುಗೆ ಯಾರದ್ದು, ಯಾರು ಯಾರ ಪಕ್ಕ ಕೂತು ಉಂಡರು? ಜಾತಿಯ ಬಗ್ಗೆ ಮಾತಾಡಿದ ಚಳವಳಿಯಲ್ಲಿ ಕೊನೆಯ ಪ್ರಶ್ನೆಗೆ ಬರುವ ಉತ್ತರ ಹತ್ತು ಪುಟ ವಿಮರ್ಶೆಗಿಂತ ಹೆಚ್ಚು ಹೇಳಬಹುದು.

ರೆಕಾರ್ಡ್ ಮಾಡುವ ಮುನ್ನ ಕೇಳಿ. ಮಾತು ಮುಗಿದ ಮೇಲೆ ಯಾವುದನ್ನು ಹೆಸರು ಹಾಕಿ ಬರೆಯಬಹುದು, ಯಾವುದು ಬೇಡ ಎಂಬುದನ್ನು ಇನ್ನೊಮ್ಮೆ ಕೇಳಿ, ಬರೆದು ಸಹಿ ತೆಗೆದುಕೊಳ್ಳಿ. ಎಂಬತ್ತು ದಾಟಿದವರನ್ನು ಮೊದಲು ನೋಡಿ.

ಒಬ್ಬರು ಒಂದು ವರ್ಷ ಹೇಳ್ತಾರೆ, ಇನ್ನೊಬ್ಬರು ಇನ್ನೊಂದು. ಯಾರನ್ನು ನಂಬಲಿ?

ಇಬ್ಬರನ್ನೂ ಬರೆದುಕೊಳ್ಳಿ, ಕಾಗದ ಹುಡುಕಿ. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದು 1974 ಅನ್ನುವವರಿದ್ದಾರೆ, ಅದಕ್ಕಿಂತ ಈಚೆಯ ವರ್ಷ ಹೇಳುವವರೂ ಇದ್ದಾರೆ. ಮೊದಲು ಸೇರಿದ ದಿನ, ಹೆಸರಿಟ್ಟ ದಿನ, ರಾಜ್ಯ ಮಟ್ಟದ ಸಮಿತಿ ಆದ ದಿನ ಬೇರೆ ಬೇರೆ ಆಗಿದ್ದರೆ ಯಾರೂ ಸುಳ್ಳು ಹೇಳುತ್ತಿಲ್ಲ. ವರ್ಷ ನೆನಪಾಗದವರಿಗೆ ಇಸವಿ ಕೇಳಬೇಡಿ. ‘ಎಮರ್ಜೆನ್ಸಿಗೆ ಮುಂಚೆಯೋ ಆಮೇಲೋ’, ‘ಗುಂಡೂರಾವ್ ಮುಖ್ಯಮಂತ್ರಿ ಆಗಿದ್ದಾಗಲೋ’ ಅಂತ ಕೇಳಿ. ತಟ್ಟನೆ ನೆನಪಾಗುತ್ತದೆ.

ನಾನು ಮೇಲ್ಜಾತಿಯವನು. ಕೇರಿಗೆ ಹೋಗಿ ಇದನ್ನೆಲ್ಲ ಕೇಳೋದು ಸರಿ ಕಾಣುತ್ತಾ?

ಕೇಳಬಹುದು. ಆದರೆ ಅವರು ‘ಯಾಕೆ ಕೇಳ್ತಿದ್ದೀರಿ’ ಅಂತ ತಿರುಗಿ ಕೇಳಿದಾಗ ನಿಮ್ಮ ಹತ್ತಿರ ನೇರವಾದ ಉತ್ತರ ಇರಬೇಕು. ಅವಮಾನದ ಕಥೆಗಳನ್ನೇ ಕೆದಕಬೇಡಿ. ಅವರು ಓದಿದ್ದು, ಹಾಡಿದ್ದು, ಜಗಳವಾಡಿದ್ದು, ಗೆದ್ದದ್ದು ಕೇಳಿ. ಬರೆದ ಮೇಲೆ ಅವರ ಭಾಗವನ್ನು ಅವರಿಗೇ ಓದಿ ಹೇಳಿ. ‘ಬೇಡ’ ಅಂದದ್ದನ್ನು ತೆಗೆಯಿರಿ. ನಿಮ್ಮ ಜಾತಿ ಗೊತ್ತಿರುವುದರಿಂದ ಕೆಲವರು ಕೆಲವು ಮಾತು ಹೇಳುವುದಿಲ್ಲ. ಅದು ಅವರ ಹಕ್ಕು. ಮುನ್ನುಡಿಯಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿಬಿಡಿ.

ದಲಿತ ಶಿಕ್ಷಕರೊಬ್ಬರು ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದ್ದರು: ನಮ್ಮವರ ಬಗ್ಗೆ ನಾನೇ ಬರೆದರೆ ಪಕ್ಷಪಾತ ಅನ್ನುವುದಿಲ್ಲವಾ? ನನ್ನ ಉತ್ತರ ಇಷ್ಟೇ: ನವೋದಯ ಸಾಹಿತ್ಯದ ಬಗ್ಗೆ ಬರೆದ ಮೇಲ್ಜಾತಿಯವರನ್ನು ಯಾರೂ ಹಾಗೆ ಕೇಳಿದಂತಿಲ್ಲ, ಅಲ್ವಾ?

ಹೆಂಗಸರ ಹೆಸರೇ ಕಾಣಿಸ್ತಿಲ್ಲ. ಇರಲಿಲ್ಲವಾ?

ಇದ್ದರು. ಸಮ್ಮೇಳನದ ಫೋಟೋಗಳಲ್ಲಿ ಹುಡುಕಿದರೆ ಕಡಿಮೆ ಕಾಣುತ್ತಾರೆ, ಪತ್ರಿಕೆಯ ಪುಟಗಳಲ್ಲಿ ಹುಡುಕಿದರೆ ಜಾಸ್ತಿ. ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಹಾಸನದ ಬಾನು ಮುಷ್ತಾಕ್ ಬರೆಯುತ್ತಾ ಬೆಳೆದದ್ದು ಈ ಚಳವಳಿಯ ದಿನಗಳಲ್ಲೇ. ದೀಪಾ ಭಾಸ್ತಿ ಅನುವಾದದಲ್ಲಿ ಅವರ ಕಥೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಎಲ್ಲರಿಗೂ ಬಂಡಾಯ ನೆನಪಾಯಿತು. ಕಲಬುರಗಿಯ ಗೀತಾ ನಾಗಭೂಷಣ ಇದ್ದರು. ಇವರು ಪರಿಚಿತ ಹೆಸರುಗಳು. ನಿಮ್ಮ ಊರಿನಲ್ಲಿ ಎರಡು ಕಥೆ, ನಾಲ್ಕು ಪದ್ಯ ಬರೆದು ನಿಲ್ಲಿಸಿದ ಹೆಣ್ಣುಮಕ್ಕಳು ಯಾರು, ಯಾಕೆ ನಿಲ್ಲಿಸಿದರು? ಇದೊಂದೇ ಒಂದು ಪೂರ್ತಿ ಸಂಶೋಧನೆ. ನನ್ನನ್ನು ಕೇಳಿದರೆ ಬಂಡಾಯದಲ್ಲಿ ಈಗ ಮಾಡಬೇಕಾದ ಕೆಲಸಗಳಲ್ಲಿ ಇದೇ ಮೊದಲು.

ಮೆರವಣಿಗೆಯಲ್ಲಿ ಹಾಡಿದ ಹಾಡುಗಳನ್ನೂ ಸಾಹಿತ್ಯ ಅಂತ ಸೇರಿಸಿಕೊಳ್ಳಲಾ?

ಖಂಡಿತ. ಸಿದ್ಧಲಿಂಗಯ್ಯನವರ ಹಾಡುಗಳು ಪುಸ್ತಕ ಮುಟ್ಟದವರ ಬಾಯಲ್ಲೂ ಇದ್ದವು. 1975ರಲ್ಲಿ ಶುರುವಾದ ‘ಸಮುದಾಯ’ ಎಂಬ ರಂಗತಂಡ ಬೀದಿನಾಟಕ, ಜಾಥಾಗಳಲ್ಲಿ ಹಾಡುಗಳನ್ನು ಊರೂರಿಗೆ ಒಯ್ದಿತು. ನಿಮ್ಮೂರಲ್ಲಿ ಹಾಡುವ ಸಾಲಿಗೂ ಅಚ್ಚಾದ ಸಾಲಿಗೂ ವ್ಯತ್ಯಾಸ ಇದ್ದರೆ ತಿದ್ದಬೇಡಿ. ಹಾಡಿದ ಹಾಗೇ ಬರೆದುಕೊಳ್ಳಿ.

## ತೊಡಕಿನ ಪ್ರಶ್ನೆಗಳು

ದಲಿತ ಸಾಹಿತ್ಯ, ಬಂಡಾಯ ಸಾಹಿತ್ಯ ಒಂದೇನಾ ಬೇರೆನಾ? ಪರೀಕ್ಷೆಗೆ ‘ದಲಿತ-ಬಂಡಾಯ’ ಅಂತಲೇ ಓದಿದ್ದೇವೆ.

ಆ ಅಡ್ಡಗೆರೆಯೇ ನಿಮ್ಮ ಸಂಶೋಧನೆಯ ವಿಷಯ ಆಗಬಹುದು. ಬಂಡಾಯದ ವೇದಿಕೆಯಲ್ಲಿ ದಲಿತರು, ಹಿಂದುಳಿದವರು, ಮುಸ್ಲಿಮರು, ಮಹಿಳೆಯರು, ಎಡಪಂಥೀಯರು, ಲೋಹಿಯಾವಾದಿಗಳು ಎಲ್ಲ ಸೇರಿದ್ದರು. ಬರಗೂರು ರಾಮಚಂದ್ರಪ್ಪನವರಂಥ ಸಂಘಟಕರು ಆ ಒಟ್ಟುಗೂಡುವಿಕೆಯನ್ನೇ ಮುಖ್ಯ ಎಂದರು. ಬಂಡಾಯ ಎಂಬ ದೊಡ್ಡ ಹೆಸರಿನಡಿ ಜಾತಿಯ ಪ್ರಶ್ನೆ ವರ್ಗದ ಪ್ರಶ್ನೆಯಲ್ಲಿ ಕರಗಿ ಹೋಗುತ್ತದೆ ಎಂಬ ಅನುಮಾನ ದಲಿತ ಲೇಖಕರಲ್ಲಿ ಇತ್ತು. ಇನ್ನೊಂದು ಕಡೆ, ದೇವನೂರ ಮಹಾದೇವರ ಬರವಣಿಗೆಯನ್ನು ಯಾವ ಗೋಷ್ಠಿಯ ಘೋಷಣೆಗೂ ಕಟ್ಟಿಹಾಕಲು ಆಗುವುದಿಲ್ಲ.

ಹಾಗಾಗಿ ‘ಒಂದೇ’ ಅಂತಲೂ ‘ಬೇರೆ’ ಅಂತಲೂ ಮೊದಲೇ ತೀರ್ಮಾನ ಮಾಡಬೇಡಿ. ನಿಮ್ಮ ಸಾಮಗ್ರಿಯಲ್ಲಿ ಯಾರು ತಮ್ಮನ್ನು ಏನೆಂದು ಕರೆದುಕೊಂಡಿದ್ದಾರೆ, ಯಾವ ವರ್ಷ ಕರೆದುಕೊಂಡಿದ್ದಾರೆ ಎಂಬುದನ್ನು ಪಟ್ಟಿ ಮಾಡಿ. ಒಬ್ಬರೇ 1979ರಲ್ಲಿ ಒಂದು, 1990ರಲ್ಲಿ ಇನ್ನೊಂದು ಹೆಸರು ಬಳಸಿದ್ದರೆ ಅಲ್ಲೇ ನಿಂತು ನೋಡಿ.

ಅದಕ್ಕೂ ಮುಂಚಿನ ನವ್ಯ ಸಾಹಿತ್ಯವನ್ನು ವಿರೋಧಿಸಿ ಬಂಡಾಯ ಹುಟ್ಟಿತು ಅಂತ ಬರೆದರೆ ಸಾಕಲ್ವಾ?

ಪರೀಕ್ಷೆಯ ಗೈಡ್ ಪುಸ್ತಕಗಳಿಗೆ ಸಾಕು. ಧರ್ಮಸ್ಥಳ ಸಮ್ಮೇಳನದ ಅಧ್ಯಕ್ಷರು ನವ್ಯದ ಗೋಪಾಲಕೃಷ್ಣ ಅಡಿಗರು ಎಂಬುದು ಈ ಕಥೆಯನ್ನು ಇನ್ನೂ ಸಲೀಸು ಮಾಡಿಬಿಡುತ್ತದೆ. ಆದರೆ ನವ್ಯದೊಳಗಿಂದಲೇ ಹೊರಬಂದವರಿದ್ದಾರೆ. ತೇಜಸ್ವಿ 1973ರಲ್ಲೇ ತಮ್ಮ ಕಥಾಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ಸಾಕೆಂದು ಬರೆದರು. ನವ್ಯದ ಮುಖ್ಯ ಲೇಖಕರಾಗಿದ್ದ ಲಂಕೇಶರೇ ಮುಂದೆ ತಮ್ಮ ಪತ್ರಿಕೆಯಲ್ಲಿ ಹೊಸ ದನಿಗಳಿಗೆ ಜಾಗ ಮಾಡಿದರು. ‘ಸಂಕ್ರಮಣ’ 1964ರಲ್ಲಿ ನವ್ಯದ ಕಾಲದಲ್ಲೇ ಶುರುವಾಗಿ, ಚಂಪಾ (ಚಂದ್ರಶೇಖರ ಪಾಟೀಲ) ಅವರ ಕೈಯಲ್ಲಿ ಬೇರೆಯದೇ ದನಿಯ ಪತ್ರಿಕೆಯಾಯಿತು. ಒಂದೇ ಪತ್ರಿಕೆಯ ಹತ್ತು ವರ್ಷದ ಸಂಚಿಕೆಗಳನ್ನು ಸಾಲಾಗಿ ಇಟ್ಟು ಓದಿದರೆ ಗೋಡೆ ಎಲ್ಲಿತ್ತು, ಬಾಗಿಲು ಎಲ್ಲಿತ್ತು ತಿಳಿಯುತ್ತದೆ.

ಥಿಯರಿ ಬೇಕೇ ಬೇಕಾ? ನನಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ.

ಅಂಬೇಡ್ಕರ್, ಲೋಹಿಯಾ, ಮಾರ್ಕ್ಸ್ ಮೂವರೂ ಕನ್ನಡದಲ್ಲಿ ಸಿಗುತ್ತಾರೆ. ಚಳವಳಿಯವರು ಓದಿದ್ದೂ ಇವರನ್ನೇ. ಡಿ.ಆರ್. ನಾಗರಾಜ್ ಕನ್ನಡದಲ್ಲೇ ದೊಡ್ಡ ಮಟ್ಟದ ಚಿಂತನೆ ಮಾಡಿದ್ದಾರೆ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಸಂಘಟನೆ ಮತ್ತು ಮರಾಠಿ ದಲಿತ ಸಾಹಿತ್ಯದ ಅನುವಾದಗಳನ್ನೂ ನೋಡಿ. ಬೆಳಗಾವಿ, ಬೀದರ್, ಕಲಬುರಗಿ ಕಡೆಯವರಾದರೆ ನಿಮಗೆ ಆ ನಂಟು ಇನ್ನೂ ಹತ್ತಿರದ್ದು. ಸಾಮಗ್ರಿ ಕೈಯಲ್ಲಿ ಇಲ್ಲದಾಗ ಮಾತ್ರ ಥಿಯರಿ ಭಾರ ಅನಿಸುತ್ತದೆ.

ಕೆಲವು ಪದ್ಯ ಬರೀ ಘೋಷಣೆ ಥರ ಇವೆ. ಚೆನ್ನಾಗಿಲ್ಲ ಅಂತ ಬರೆಯಬಹುದಾ?

ಬರೆಯಿರಿ. ಚಳವಳಿಯವರೇ ಆಗ ಇದರ ಬಗ್ಗೆ ಜಗಳ ಆಡಿದ್ದಾರೆ. ಆದರೆ ಮೌನವಾಗಿ ಓದಲು ಬರೆದ ಪದ್ಯದ ಅಳತೆಯನ್ನು ಸಾವಿರ ಜನರ ಮುಂದೆ ಕೂಗಲು ಬರೆದದ್ದಕ್ಕೆ ಹಾಕಬೇಡಿ. ಮೊದಲು ಅದು ಯಾವ ಸಭೆಗೆ ಬರೆದದ್ದು ಅಂತ ಪತ್ತೆ ಮಾಡಿ. ಆಮೇಲೂ ಸಪ್ಪೆ ಅನಿಸಿದರೆ ಸಪ್ಪೆ ಅನ್ನಿ.

ಸರ್ಕಾರಿ ನೌಕರನಾಗಿ ಇದನ್ನು ಪ್ರಕಟಿಸಿದರೆ ತೊಂದರೆ ಬರುತ್ತಾ?

ಸಾಹಿತ್ಯದ ಬರವಣಿಗೆಗೆ ನಡತೆ ನಿಯಮಗಳಲ್ಲಿ ಅವಕಾಶ ಇದೆ. ಸರ್ಕಾರವನ್ನು ಟೀಕಿಸುವುದಕ್ಕೆ ಇಲ್ಲ. ಬಂಡಾಯದ ಕಥೆಯಲ್ಲಿ ಸರ್ಕಾರ, ಪೊಲೀಸು, ಮಂತ್ರಿಗಳು ಬಂದೇ ಬರುತ್ತಾರೆ. ಆಗಿನ ಲೇಖಕರು ಏನು ಹೇಳಿದರು ಎಂಬುದನ್ನು ದಾಖಲೆ ಸಮೇತ ಬರೆಯುವುದು ಬೇರೆ, ಈಗಿನ ಸರ್ಕಾರದ ಬಗ್ಗೆ ನಿಮ್ಮ ಮಾತು ಬೇರೆ. 2021ರ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳನ್ನು ಒಮ್ಮೆ ನೀವೇ ಓದಿ. ಸಂದೇಹ ಇದ್ದರೆ ಇಲಾಖೆಗೆ ಅರ್ಜಿ ಬರೆದು ಅನುಮತಿ ತೆಗೆದುಕೊಳ್ಳಿ, ಪ್ರತಿ ಇಟ್ಟುಕೊಳ್ಳಿ.

ಹಳೇ ಪತ್ರಿಕೆಯ ಪದ್ಯಗಳನ್ನು ಪೂರ್ತಿ ಅಚ್ಚು ಹಾಕಬಹುದಾ?

ಲೇಖಕರು ತೀರಿಕೊಂಡು 60 ವರ್ಷ ಆಗುವ ತನಕ ಹಕ್ಕು ಅವರ ವಾರಸುದಾರರದ್ದು. ಬಂಡಾಯದ ಯಾರಿಗೂ ಇನ್ನೂ ಅಷ್ಟು ಆಗಿಲ್ಲ. ಚರ್ಚೆಗೆ ಬೇಕಾದ ಸಾಲುಗಳನ್ನು ಉದ್ಧರಿಸಬಹುದು. ಪೂರ್ತಿ ಪದ್ಯಕ್ಕೆ ಅನುಮತಿ ಕೇಳಿ.

ಬರೆದಾಯಿತು. ಸಂಗ್ರಹಿಸಿದ ಕಾಗದ, ರೆಕಾರ್ಡಿಂಗ್‌ಗಳನ್ನು ಏನು ಮಾಡಲಿ?

ಸಾಲ ತಂದದ್ದನ್ನು ಮೊದಲು ವಾಪಸ್ ಕೊಡಿ. ಹಾಗೆ ಮಾಡದವರಿಂದಲೇ ಮುಂದೆ ಬರುವವರಿಗೆ ಟ್ರಂಕು ತೆರೆಯುವುದಿಲ್ಲ. ನಿಮಗೇ ಕೊಟ್ಟದ್ದಾದರೆ ಕೊಟ್ಟವರನ್ನು ಕೇಳಿ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಪಟ್ಟಿ ಸಮೇತ ಒಪ್ಪಿಸಿ, ಸ್ವೀಕೃತಿ ಪತ್ರ ಪಡೆಯಿರಿ. ಸ್ಕ್ಯಾನ್‌ಗಳ ಎರಡು ಪ್ರತಿ ಎರಡು ಬೇರೆ ಜಾಗದಲ್ಲಿ ಇರಲಿ. ರೆಕಾರ್ಡಿಂಗ್‌ನ ಒಂದು ಪ್ರತಿ ಮಾತಾಡಿದವರ ಮನೆಯವರಿಗೆ ಕೊಡಿ. ಪೆನ್‌ಡ್ರೈವ್ ಮೇಲೆ ಹೆಸರು, ತಾರೀಖು ಬರೆದು ಕೊಡಿ.